ನೀರಿನ ಗೆರೆ ಹಿಡಿದು ನಡೆದ ಮೂರು ದಿನ

ಬೀದರ್, ಸೆಪ್ಟೆಂಬರ್ 17, 2023, ಭಾನುವಾರ

ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ಮುಗಿಸಿ ಮನೆಗೆ ಬಂದೆ. ಅಡುಗೆಮನೆ ಕಟ್ಟೆಯ ಮೇಲೆ ದೊಡ್ಡ ಪಾತೇಲಿ. ಅದರ ತುಂಬ ಖುಬಾನಿ, ಅಂದರೆ ಏಪ್ರಿಕಾಟ್ ಹಣ್ಣು. ಲಡಾಖಿನಿಂದ ನಾನು ತಂದದ್ದು, ಎರಡು ಕಿಲೋ. ಅವ್ವ ರಾತ್ರಿಯೇ ನೆನೆಹಾಕಿದ್ದಳು. ಸಂಜೆ ಮೀಠಾ ಮಾಡುತ್ತಾಳಂತೆ. ಖುಬಾನಿ ಕಾ ಮೀಠಾ ನಮ್ಮೂರಿಗೆ ಹೊಸದಲ್ಲ, ಎಷ್ಟೋ ಮದುವೆಗಳಲ್ಲಿ ತಿಂದಿದ್ದೇನೆ. ಆದರೆ ಆ ಹಣ್ಣಿನ ಮರವನ್ನು ಕಣ್ಣಾರೆ ನೋಡಿದ್ದು ಮಾತ್ರ ಹೋದ ವಾರವೇ.

ಊರಿಗೆ ಬಂದು ನಾಲ್ಕು ದಿನವಾಯಿತು. ಮೊಣಕಾಲು ಇನ್ನೂ ಸ್ವಲ್ಪ ನೋಯುತ್ತಿದೆ. ಮರೆಯುವ ಮುಂಚೆ ಬರೆದಿಡಬೇಕು ಅಂತ ಕೂತಿದ್ದೇನೆ.

ಹೋದವರು ಮೂವರು. ನಾನು, ಅಕ್ಕ, ಕಾಕಾನ ಮಗ ತಮ್ಮ. ಎರಡು ತಿಂಗಳು ದಿನಾ ಬೆಳಿಗ್ಗೆ ಕೋಟೆಯೊಳಗೆ ನಡೆದು ಕಾಲು ಗಟ್ಟಿ ಮಾಡಿಕೊಂಡಿದ್ದೆವು. ಬಸ್ಸಿನಲ್ಲಿ ಹೈದರಾಬಾದ್, ಅಲ್ಲಿಂದ ದೆಹಲಿ, ದೆಹಲಿಯಿಂದ ಬೆಳಗಿನ ವಿಮಾನಕ್ಕೆ ಲೇಹ್. ಬೀದರ್ ಇರುವುದು 700 ಮೀಟರ್ ಆಸುಪಾಸಿನ ಎತ್ತರದಲ್ಲಿ. ಲೇಹ್ 3,500 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ದಂಡೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಕೋಟೆಯಲ್ಲಿ ನಡೆದ ಅಭ್ಯಾಸ ಕಾಲಿಗೆ ಆಯಿತು. ರಕ್ತಕ್ಕೆ, ಶ್ವಾಸಕ್ಕೆ ಅದರಿಂದ ಏನೂ ಆಗಿರಲಿಲ್ಲ. ಇದು ನನಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ.

ತಮ್ಮನಿಗೆ ಇಪ್ಪತ್ನಾಲ್ಕು ವರ್ಷ. ಇಳಿದ ದಿನ ಸಂಜೆಯೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಬಂದ. ಹತ್ತಿರ ಹತ್ತಿರ ಐನೂರು ಮೆಟ್ಟಿಲು. ರಾತ್ರಿ ಹನ್ನೊಂದಕ್ಕೆ ತಲೆ ಹಿಡಿದುಕೊಂಡು ಕೂತ. ಒಂದಕ್ಕೆ ವಾಂತಿ. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು, ರಕ್ತದ ಆಮ್ಲಜನಕ ನೂರಕ್ಕೆ 76 ತೋರಿಸಿತು. ನನ್ನ ಕೈಕಾಲು ತಣ್ಣಗಾದವು. ಬೆಳಗಿನವರೆಗೂ ಮೂಗಿಗೆ ಆಮ್ಲಜನಕದ ಕೊಳವೆ. ಅಕ್ಕ ಅವನ ಪಕ್ಕದಲ್ಲೇ ಕೂತಿದ್ದಳು. "ಊರಾಗ ಓಡಿದಂಗ ಇಲ್ಲಿ ಓಡಬ್ಯಾಡ ಅಂತ ಬಡ್ಕೊಂಡೆ, ಕೇಳಿದೇನು?" ಅಂದಳು, ಕಣ್ಣಲ್ಲಿ ನೀರು. ಎರಡು ದಿನ ಸುಮ್ನೆ ಮಲಗಿರಬೇಕು ಅನ್ನುವುದು ಆ ಊರಿನ ಮೊದಲ ನಿಯಮ. ನನ್ನನ್ನು ಕೇಳಿದರೆ ನಮ್ಮಂಥ ಬಯಲುಸೀಮೆಯವರು ಮೂರು ದಿನ ಇಟ್ಟುಕೊಳ್ಳಬೇಕು. ತಲೆನೋವು ಇದ್ದಾಗ ಇನ್ನೂ ಮೇಲೆ ಹೋಗಲೇಬಾರದು. ಜಾಸ್ತಿಯಾದರೆ ಕೆಳಗೆ ಇಳಿಯಬೇಕು. ಮಾತ್ರೆ ನುಂಗಿ ಹತ್ತುತ್ತೇನೆ ಅನ್ನುವ ಹಟ ಅಲ್ಲಿ ಬೇಡ.

ಒಂದು ದಿನ ತಡವಾಗಿ, 8ನೇ ತಾರೀಖು, ಲಿಕಿರ್ ಗೊಂಪಾದ, ಅಂದರೆ ಬೌದ್ಧ ಮಠದ, ಬುಡದಿಂದ ನಡಿಗೆ ಶುರು. ಶಾಮ್ ಕಣಿವೆಯ ಹಾದಿ ಇದು. ಲಿಕಿರಿನಿಂದ ಯಾಂಗ್‌ಥಾಂಗ್, ಅಲ್ಲಿಂದ ಹೆಮಿಸ್ ಶುಕ್ಪಾಚನ್, ಕೊನೆಗೆ ಆಂಗ್ ದಾಟಿ ತೆಮಿಸ್‌ಗಾಂ. ಲಡಾಖಿನಲ್ಲಿ ಹೊಸಬರಿಗೆ ಹೇಳುವ ಹಾದಿ. ದಿನಕ್ಕೆ ಮೂರರಿಂದ ಐದು ಗಂಟೆ ನಡೆದರೆ ಸಾಕು. ರಾತ್ರಿ ಊರಿನವರ ಮನೆಯಲ್ಲೇ ಊಟ, ನಿದ್ದೆ. ಹಾಗಂತ ಹಗುರ ಅಂದುಕೊಳ್ಳಬೇಡಿ. ಮೊದಲ ಕಣಿವೆಬಾಯಿ ಫೋಬೆ ಲಾ ಹತ್ತುವಾಗ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆ. ಲಾ ಅಂದರೆ ಬೆಟ್ಟ ದಾಟುವ ಜಾಗ. ಗಾಳಿ ಎಷ್ಟು ಒಣಗಿತ್ತು ಅಂದರೆ ತುಟಿ ಬಿರಿದು ರಕ್ತ ಬಂತು, ಆದರೆ ಬೆವರೇ ಕಾಣಲಿಲ್ಲ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಬೀದರಿನಲ್ಲಿ ಅಷ್ಟು ಮಳೆ ಒಂದೇ ಕೆಟ್ಟ ರಾತ್ರಿಯಲ್ಲಿ ಸುರಿದುಬಿಡಬಹುದು.

ಲಾ ಮೇಲೆ ನಿಂತು ಕೆಳಗೆ ನೋಡಿದಾಗ ನನಗೆ ಮೊದಲು ಕಂಡದ್ದು ಒಂದು ಗೆರೆ. ಬೆಟ್ಟದ ಮೈಮೇಲೆ ಅಡ್ಡಡ್ಡ ಎಳೆದ ಹಾಗೆ. ಗೆರೆಯ ಮೇಲೆ ಬರೀ ಕಂದು ಮಣ್ಣು, ಕಲ್ಲು, ಒಂದು ಹುಲ್ಲುಕಡ್ಡಿ ಇಲ್ಲ. ಗೆರೆಯ ಕೆಳಗೆ ಹಸಿರು. ವಿಲೋ ಮರ, ಕೊಯ್ದ ಬಾರ್ಲಿ ಹೊಲ, ಬಿಳಿ ಮನೆಗಳು. ಅದು ಕಾಲುವೆ. ಅವರು ಯುರಾ ಅನ್ನುತ್ತಾರೆ. ಮೇಲಿನ ಹಿಮ ಕರಗಿದ ನೀರನ್ನು ಬೆಟ್ಟದ ಪಕ್ಕೆಯಲ್ಲಿ ನಿಧಾನ ಇಳಿಜಾರಿನಲ್ಲಿ ತರುತ್ತಾರೆ. ಮೂರೂ ದಿನ ನಮ್ಮ ಹಾದಿ ಆಗಾಗ ಯಾವುದೋ ಒಂದು ಯುರಾದ ಪಕ್ಕಕ್ಕೆ ಬಂದು ಸೇರುತ್ತಿತ್ತು. ಎಲ್ಲಿ ಕಾಲುವೆ ಇದೆಯೋ ಅಲ್ಲಿಯವರೆಗೆ ಊರು. ಜೀಪಿನಲ್ಲಿ ಹೋಗಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಯಾಂಗ್‌ಥಾಂಗಿನಲ್ಲಿ ಉಳಿದ ಮನೆಯ ಯಜಮಾನಿಯನ್ನು ಆಮಾ-ಲೆ ಅಂತ ಕರೆದೆವು. ಆಮಾ ಅಂದರೆ ಅವ್ವ. ಕೊನೆಯ ಲೆ ನಮ್ಮ 'ರೀ' ಇದ್ದ ಹಾಗೆ. ನಮ್ಮದು ದಖನಿ ಉರ್ದು, ಅವರದು ಹಿಂದಿ, ಮಾತು ನಡೆಯಿತು. ನಾವು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಅವರು ಖಂಬೀರ್ ರೊಟ್ಟಿ, ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟರು. ಕಡಕ್ ರೊಟ್ಟಿಯನ್ನು ಆ ಚಹಾದಲ್ಲಿ ಅದ್ದಿ ತಿಂದು, ಚೆನ್ನಾಗಿದೆ ಅಂತ ತಲೆ ಆಡಿಸಿದರು.

ಸಂಜೆ ಐದಕ್ಕೆ ಅವರು ಸಲಿಕೆ ಹೆಗಲಿಗೆ ಹಾಕಿಕೊಂಡು ಹೊರಟರು. ನಾನೂ ಹಿಂದೆ ಹೋದೆ. ಆ ದಿನ ಅವರ ಕುದುರೆಮೆಂತೆ ಮಡಿಗೆ ನೀರಿನ ಸರದಿ. ಕಾಲುವೆಯ ಬಾಯಿಗೆ ಒಂದು ಚಪ್ಪಟೆ ಕಲ್ಲು, ಸುತ್ತ ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆ, ಸಂದಿಗೆ ಹಳೆ ಉಣ್ಣೆ ಕೋಟಿನ ತೋಳು ತುರುಕಿತ್ತು. ತೋಳು ಎಳೆದು, ಸಲಿಕೆ ತುದಿಯಿಂದ ಕಲ್ಲು ಮೀಟಿದರು. ನೀರು ಹಾರಿ ಬರಲಿಲ್ಲ. ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಒಣ ಹುಲ್ಲಿನ ಪುಡಿಯನ್ನು ಮುಂದೆ ತಳ್ಳಿಕೊಂಡು, ನೊರೆ ಕಟ್ಟಿಕೊಂಡು ಮೆಲ್ಲಗೆ ನಡೆಯಿತು. ಒಣ ನೆಲ ಚುರ್ ಅನ್ನುತ್ತಿತ್ತು. ಅವರು ಗಡಿಯಾರ ನೋಡಲಿಲ್ಲ. ಎದುರು ಬೆಟ್ಟದ ನೆರಳು ಗೋಡೆಯ ಬುಡ ಮುಟ್ಟಿದ ಕೂಡಲೇ ಕಲ್ಲು ಮುಚ್ಚಿ, ಅದೇ ತೋಳನ್ನು ಅದೇ ಸಂದಿಗೆ ಗಿಡಿದರು. ಮುಂದಿನ ಸರದಿ ಪಕ್ಕದ ಮನೆಯವರದು.

ಯಾರಿಗೆ ಯಾವಾಗ ನೀರು ಅಂತ ನೋಡಿಕೊಳ್ಳುವವನು ಚುರ್ಪೊನ್. ಚು ಅಂದರೆ ನೀರು. ಕೆರೆ ಇರುವ ನಮ್ಮ ಹಳ್ಳಿಗಳಲ್ಲಿ ನೀರಗಂಟಿ ಇದ್ದನಲ್ಲ, ಅವನ ಹಾಗೆ.

ನಮ್ಮೂರಲ್ಲೂ ನೀರು ನಡೆಸಿಕೊಂಡು ಬರುತ್ತಿದ್ದರು ಅಂತ ಹೇಳಿದೆ. ಧೂಳಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದೆ. ಬಹಮನಿ ಸುಲ್ತಾನರ ಕಾಲ, 15ನೇ ಶತಮಾನ. ಕೆಂಪು ಕಲ್ಲು ಕೊರೆದು ನೆಲದೊಳಗೆ ಸುರಂಗ. ಮೇಲೆ ಅಷ್ಟಷ್ಟು ದೂರಕ್ಕೆ ಬಾವಿಯಂಥ ಬಾಯಿ, ಗಾಳಿ ಬೆಳಕಿಗೆ, ಇಳಿಯುವುದಕ್ಕೆ. ಪಂಪು ಇಲ್ಲ, ಎತ್ತು ಇಲ್ಲ, ಇಳಿಜಾರಷ್ಟೇ. ಪುಸ್ತಕದಲ್ಲಿ ಕರೇಜ್, ನಮ್ಮ ಬಾಯಲ್ಲಿ ಸುರಂಗ ಬಾವಿ. ಆಮಾ-ಲೆ ಚಿತ್ರವನ್ನು ಬಗ್ಗಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಇದನ್ನು ಯಾರು ತೊಳೆಯುತ್ತಾರೆ?"

ಅವರ ಊರಲ್ಲಿ ವಸಂತದಲ್ಲಿ ಮನೆಗೊಬ್ಬರು ಬಂದು ಯುರಾ ಹೂಳು ತೆಗೆಯುತ್ತಾರೆ. ಒಬ್ಬರೂ ತಪ್ಪಿಸುವ ಹಾಗಿಲ್ಲ. ನಮ್ಮ ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿಯ ಹೂಳನ್ನು ಕೆಲವು ವರ್ಷಗಳ ಹಿಂದೆ ತೆಗೆಸಿದರು, ಅದಕ್ಕೆ ಮುಂಚೆ ನಾವು ಅದನ್ನು ಮರೆತೇ ಬಿಟ್ಟಿದ್ದೆವು. ಅಷ್ಟನ್ನೇ ಹೇಳಿದೆ. ನಾಚಿಕೆಯಾಯಿತು.

ಎರಡನೇ ದಿನ ಹೆಮಿಸ್ ಶುಕ್ಪಾಚನ್. ಊರ ಹೆಸರಿನಲ್ಲಿರುವ ಶುಕ್ಪಾ ಅಂದರೆ ಜುನಿಪರ್ ಮರ. ಬೇಗ ಮುಟ್ಟಿದೆವು, ಮಲಗಿದೆವು. ಹಾದಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಉದ್ದ ಗೋಡೆ ಬಂದಾಗಲೆಲ್ಲ ಅದನ್ನು ಬಲಕ್ಕೆ ಬಿಟ್ಟು ನಡೆಯಬೇಕು, ನಾವು ಗುಡಿಗೆ ಪ್ರದಕ್ಷಿಣೆ ಹಾಕುವ ಹಾಗೇ. ಅಕ್ಕ ಚಪ್ಪಲಿ ಬಿಡುವ ಅಭ್ಯಾಸಕ್ಕೆ ಬೂಟಿನ ದಾರಕ್ಕೆ ಕೈ ಹಾಕಿದ್ದಳು.

ಮೂರನೇ ದಿನ ಮೆಬ್ತಾಕ್ ಲಾ ಹತ್ತಿ ಆಂಗ್ ಕಡೆ ಇಳಿದೆವು. ಇಳಿಜಾರಿನ ಸಡಿಲ ಕಲ್ಲಿನಲ್ಲೇ ನನ್ನ ಮೊಣಕಾಲು ಕೆಟ್ಟದ್ದು. ಕೆಳಗೆ ಬಂದಂತೆ ಖುಬಾನಿ ಮರಗಳು ಶುರುವಾದವು. ಪ್ರತಿ ಮನೆಯ ಮಾಳಿಗೆಯ ಮೇಲೆ ಕಿತ್ತಳೆ ಬಣ್ಣದ ಹಣ್ಣು ಹರವಿದ್ದರು. ತೆಮಿಸ್‌ಗಾಂನಲ್ಲಿ 1684ರಲ್ಲಿ ಲಡಾಖ್ ಮತ್ತು ಟಿಬೆಟ್ ನಡುವೆ ಒಪ್ಪಂದವಾಗಿತ್ತು. ಹಳೆ ಅರಮನೆಯ ಗುಡ್ಡ ಹತ್ತುವ ಶಕ್ತಿ ನಮಗಿರಲಿಲ್ಲ. ಒಂದು ಮರದ ಕೆಳಗೆ ಕೂತು, ಹಣ್ಣು ತಿಂದು, ಬೀಜವನ್ನು ಕಲ್ಲಿನ ಮೇಲಿಟ್ಟು ಒಡೆದೆವು. ಒಳಗಿನ ತಿರುಳು ಬಾದಾಮಿಯ ಹಾಗೆ ಸಿಹಿ. ಬಿಳಿ ಬೀಜದ ತಳಿ, ರಕ್ತ್ಸೆ ಕಾರ್ಪೊ. ಎರಡು ಕಿಲೋ ಕೊಂಡದ್ದು ಅಲ್ಲೇ.

ಇವತ್ತು ನಾಲ್ಕು ಗಂಟೆಗೆ ಮೂವರೂ ನೌಬಾದಿಗೆ ಹೋಗಿ ಬಂದೆವು. ಇಷ್ಟು ವರ್ಷ ಗಾಡಿಯಲ್ಲಿ ಆ ದಾರಿಯಲ್ಲಿ ಓಡಾಡಿದ್ದೇನೆ. ಇವತ್ತು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ನಡೆದೆವು, ನೀರು ಹೋಗುವ ದಿಕ್ಕಿಗೆ. ತಮ್ಮ ಈಗ ನಿಧಾನ ನಡೆಯುತ್ತಾನೆ. ಒಂದು ಬಾಯಿಯ ಅಂಚಿನಲ್ಲಿ ಪ್ಲಾಸ್ಟಿಕ್ ಚೀಲ, ಬಾಟಲಿ ಬಿದ್ದಿದ್ದವು. ಅವನೇ ಬಗ್ಗಿ ಆರಿಸಿದ. "ಅಕ್ಕಾ, ಆಮಾ-ಲೆ ನೋಡಿದ್ರ ಏನಂತಿದ್ರು?" ಅಂದ. ಮುಂದಿನ ಭಾನುವಾರ ಗೋಣಿಚೀಲ ಹಿಡಿದು ಮತ್ತೆ ಹೋಗುವುದು ಅಂತ ಮಾತಾಗಿದೆ.

ಮನೆಗೆ ಬಂದಾಗ ಮೀಠಾ ಒಲೆಯ ಮೇಲೆ ಕುದಿಯುತ್ತಿತ್ತು. ಅವ್ವ ನೆಲದ ಮೇಲೆ ಕೂತು, ಒಳಕಲ್ಲಿನ ಗುಂಡಿನಿಂದ ಬೀಜ ಒಡೆದು, ಒಂದೊಂದೇ ತಿರುಳನ್ನು ತುದಿಹಲ್ಲಿನಲ್ಲಿ ಕಚ್ಚಿ ನೋಡಿ ಬಟ್ಟಲಿಗೆ ಹಾಕುತ್ತಿದ್ದಳು. ಕಹಿ ಇದ್ದರೆ ಬೇರೆ ತೆಗೆಯಬೇಕಲ್ಲ. ಇಲ್ಲಿವರೆಗೆ ಒಂದೂ ಸಿಕ್ಕಿಲ್ಲವಂತೆ.