ಇಲ್ಲ, ನನ್ಗೆ ಹತ್ತು ಸಾವಿರ ಸ್ಟೆಪ್ಸ್ ಆಗಲ್ಲ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕೋರು, ಮದುವೆ ಮನೇಲಿ ಸಿಕ್ಕೋರು, ಕೊನೆಗೆ ತರಕಾರಿ ಅಂಗಡೀಲಿ ಸಿಕ್ಕೋರು ಕೂಡ ಒಂದೇ ಪ್ರಶ್ನೆ, "ದಿನಾ ಹತ್ತು ಸಾವಿರ ಆಗುತ್ತೇನ್ರೀ?" ಆಗಲ್ಲ ಕಣ್ರೀ. ನನ್ ಹತ್ರ ಆ ಹೆಜ್ಜೆ ಎಣಿಸೋ ವಾಚೂ ಇಲ್ಲ. ಕುವೆಂಪು ಓಡಾಡ್ತಿದ್ದ ಕೆರೆ ಅದು, ಅವರನ್ನ ಯಾರೂ ಹೀಗೆ ಅಡ್ಡ ಹಾಕ್ಕೊಂಡು ಲೆಕ್ಕ ಕೇಳಿರಲಿಕ್ಕಿಲ್ಲ.

ಹೋದ ವರ್ಷ ನೆಂಟರ ಮನೆ ಗೃಹಪ್ರವೇಶ. ಬೆಳಗ್ಗೆ ಐದಕ್ಕೆ ಎದ್ದು ಮೇಲೆ ಕೆಳಗೆ ಹತ್ತಿ ಇಳಿದು ಎಲೆ ಒರೆಸಿ ನೀರು ಇಟ್ಟು ಎರಡನೇ ಪಂಕ್ತಿಗೆ ಹುಳಿ ಬಕೆಟ್ ಎತ್ಕೊಂಡು ಬಡಿಸ್ತಾ ಇದೀನಿ, ನಮ್ ಭಾವ ಶಾಮಿಯಾನ ಸುತ್ತ ಕೈ ಬೀಸ್ಕೊಂಡು ರೌಂಡ್ ಹೊಡೀತಿದ್ದಾರೆ. ನನ್ನ ನಿಲ್ಲಿಸಿ ವಾಚ್ ತೋರ್ಸಿ, "9,400 ಆಯ್ತು, ನೀನೂ ಸ್ವಲ್ಪ ವಾಕಿಂಗ್ ಮಾಡಮ್ಮ, ಮೈ ಬಂದ್ಬಿಟ್ಟಿದೆ" ಅಂದ್ರು. ನಾನೂ ಸುಮ್ನಿರ್ಬಹುದಿತ್ತು. "ತಗೊಳ್ಳಿ ಭಾವ, ಈ ಬಕೆಟ್ ಹಿಡ್ಕೊಂಡು ಎರಡು ಸಾಲು ಬಡಿಸಿ, ಮಿಕ್ಕ ಆರುನೂರೂ ಆಗುತ್ತೆ" ಅಂದ್ಬಿಟ್ಟೆ. ಊಟಕ್ಕೆ ಕೂತಿದ್ದೋರೆಲ್ಲ ನಕ್ಕರು. ಅಕ್ಕ ಹದಿನೈದು ದಿನ ಫೋನ್ ಮಾಡ್ಲಿಲ್ಲ.

ಆ ಸಿಟ್ಟಲ್ಲೇ ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಹುಡುಕಿದೆ. ಯಾವ ಡಾಕ್ಟರೂ ಕೂತು ಲೆಕ್ಕ ಹಾಕಿದ್ದಲ್ವಂತೆ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದು ಮಾರನೇ ವರ್ಷ ಜಪಾನಿನ ಯಾಮಾಸಾ ಅನ್ನೋ ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಳಿಸ್ತು, ಅದಕ್ಕೆ ಇಟ್ಟ ಹೆಸರೇ ಮಾನ್‌ಪೋ-ಕೇ, ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರ್ರು. ಭಾವ ಶಾಮಿಯಾನ ಸುತ್ತಿದ್ದು ಆ ಹೆಸರಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡೋರಿಗೆ ಹೇಳಿರೋದ್ರಲ್ಲಿ ಹೆಜ್ಜೆ ಲೆಕ್ಕಾನೇ ಇಲ್ಲ, ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಉಸಿರು ಜೋರಾಗೋ ಹಾಗೆ ಮೈ ಆಡಿಸಿ, ಎರಡು ದಿನವಾದ್ರೂ ಸ್ನಾಯುಗಳಿಗೆ ಕೆಲಸ ಕೊಡಿ ಅಂತ, ಅಷ್ಟೇ. ಮನೆಗೆಲಸಾನೂ ಲೆಕ್ಕಕ್ಕೆ ಬರುತ್ತೆ. ಹುಳಿ ಬಕೆಟ್ಟೂ ಬರುತ್ತೆ ಅಂತ ನಾನ್ ಸೇರಿಸ್ಕೊಂಡಿದೀನಿ.

ಹಾಗಂತ ನಾನೇನು ಸಾಚಾ ಅಲ್ಲ, ಮಳೆ ಬಂದ್ರೆ ಕೆರೆ ಕಡೆ ತಲೆ ಹಾಕಲ್ಲ, ಹೋದ ದಿನ ವಾಪಸ್ ಬರ್ತಾ ಇಡ್ಲಿ ವಡೆ ತಿಂದೇ ಬರೋದು, ವಡೆ ಎರಡು.

ಆದ್ರೆ ನನ್ಗೆ ಉರಿಯೋದು ಬೇರೆ. ನನ್ನ ಹೆಜ್ಜೆ ಕೇಳೋ ಇಷ್ಟು ಜನದಲ್ಲಿ ಒಬ್ಬರಾದ್ರೂ ನಿಮ್ ಮಗಳು ದಿನಾ ಎಷ್ಟು ಹೊತ್ತು ಆಡ್ತಾಳೆ ಅಂತ ಕೇಳಿದಾರಾ? ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು ಅಂತ ಅದೇ ಸಂಸ್ಥೆ ಹೇಳಿರೋದು. ಇವಳ ಸ್ಕೂಲಲ್ಲಿ ವಾರಕ್ಕೆ ಎರಡು ಪಿಟಿ ಪೀರಿಯಡ್, ಪೋರ್ಷನ್ ಮುಗಿದಿಲ್ಲ ಅಂತ ಅದ್ರಲ್ಲೊಂದು ಮ್ಯಾಥ್ಸ್ ಮಿಸ್ ತಗೋತಾರೆ. ನಾವು ಲಗೋರಿ, ಕುಂಟೆಬಿಲ್ಲೆ ಆಡ್ತಿದ್ದ ಖಾಲಿ ಸೈಟಲ್ಲೇ ಈಗ ನಮ್ ಅಪಾರ್ಟ್‌ಮೆಂಟ್ ನಿಂತಿದೆ, ಮಕ್ಕಳಿಗೆ ಅಂತ ಉಳಿದಿರೋದು ಪಾರ್ಕಿಂಗ್ ಮೂಲೆ ಒಂದೇ.

ಕೇಳಿ, ಹೇಳ್ತೀನಿ. ನಿನ್ನೆ ಹನ್ನೆರಡು ನಿಮಿಷ ಆಡಿದ್ಲು. ಆಮೇಲೆ ಬಾಲ್ ಹೋಗಿ ಯಾರದೋ ಕಾರಿಗೆ ತಗುಲ್ತು.