ಈ ಕಲ್ಲಿನ ದೀಪಗಳನ್ನು ಹಚ್ಚುತ್ತೀರಾ?

ನಾನು ಕೂಡಿಸಿಟ್ಟಿರುವ ಮಧ್ಯಯುಗದ ಕಲ್ಲಿನ ದೀಪಗಳನ್ನು ನೋಡಿದವರು ಬೆಲೆಗಿಂತ ಮೊದಲು ಕೇಳುವುದು ಇದನ್ನೇ: "ಇವನ್ನು ಹಚ್ಚುತ್ತೀರಾ?" ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. "ದೀಪ ಇರೋದೇ ಹಚ್ಚೋದಕ್ಕಲ್ವಾ?" ಅನ್ನುತ್ತಾರೆ. ನ್ಯಾಯವಾದ ಮಾತೇ. ಆದರೂ ನಾನು ಹಚ್ಚುವುದಿಲ್ಲ. ಕಾರಣ, ಆ ಬಟ್ಟಲುಗಳಲ್ಲಿ ಉಳಿದಿರುವ ಮಸಿ.

ಕಲ್ಲಿನ ದೀಪಕ್ಕೆ ವಯಸ್ಸು ಹೇಳುವುದು ಕಷ್ಟ. ಮಣ್ಣಿನ ಹಣತೆಯಾದರೆ ಅದನ್ನು ಸುಟ್ಟ ಕಾಲವನ್ನು ಥರ್ಮೋಲುಮಿನೆಸೆನ್ಸ್ ಪರೀಕ್ಷೆಯಿಂದ ಅಂದಾಜು ಮಾಡಬಹುದು. ಕಲ್ಲನ್ನು ಯಾರೂ ಆವಿಗೆಗೆ ಹಾಕುವುದಿಲ್ಲವಲ್ಲ! ಬಂಡೆ ಹುಟ್ಟಿ ಯಾವ ಕಾಲವಾಯಿತೋ, ಅದಕ್ಕೆ ಉಳಿ ತಾಗಿದ್ದು ಯಾವಾಗಲೋ. ಕೆತ್ತನೆಯ ರೀತಿ ನೋಡಿ, ಸಿಕ್ಕ ಜಾಗ ನೋಡಿ ಹೇಳಬೇಕು. ಆದರೆ ಮಾರಾಟಕ್ಕೆ ಬರುವ ಎಷ್ಟೋ ದೀಪಗಳಿಗೆ ಸಿಕ್ಕ ಜಾಗದ ದಾಖಲೆಯೇ ಇರುವುದಿಲ್ಲ. ದಾಖಲೆ ಇಲ್ಲದ್ದನ್ನು ನಾನು ಕೊಳ್ಳುವುದೂ ಇಲ್ಲ. ಕಳವಾದ ಪುರಾತನ ವಸ್ತುಗಳ ವ್ಯಾಪಾರ ತಡೆಯಲು 1970ರಲ್ಲಿ ಯುನೆಸ್ಕೊ ಒಪ್ಪಂದ ಆದದ್ದು ಸುಮ್ಮನೆ ಅಲ್ಲ.

ಇನ್ನು ಉಳಿಯುವ ಸಾಕ್ಷಿ ಮಸಿ ಮತ್ತು ಜಿಡ್ಡು. ಮಸಿಯಲ್ಲಿ ಇಂಗಾಲವಿದೆ; ಕೆಲವೇ ಮಿಲಿಗ್ರಾಂ ಸಿಕ್ಕರೂ ರೇಡಿಯೊಕಾರ್ಬನ್ ಪರೀಕ್ಷೆಯಿಂದ ಅದರ ಕಾಲವನ್ನು ಅಂದಾಜು ಮಾಡಬಹುದು. ಕಲ್ಲಿಗೆ ಇಂಗಿದ ಜಿಡ್ಡನ್ನು ಗ್ಯಾಸ್ ಕ್ರೊಮಟೋಗ್ರಫಿ ಎಂಬ ಪರೀಕ್ಷೆಯಿಂದ ಒಂದೊಂದು ಅಂಶವಾಗಿ ಬಿಡಿಸಿ ನೋಡಿದರೆ ಉರಿದದ್ದು ಪ್ರಾಣಿಯ ಕೊಬ್ಬೋ, ಬೀಜದ ಎಣ್ಣೆಯೋ, ಜೇನುಮೇಣವೋ ತಿಳಿಯುತ್ತದೆ. ಕೊಲೆಸ್ಟೆರಾಲ್ ಕಂಡರೆ ಕೊಬ್ಬಿನ ಸುಳಿವು, ರಿಸಿನೋಲಿಯಿಕ್ ಆಮ್ಲ ಕಂಡರೆ ಹರಳೆಣ್ಣೆಯ ಸುಳಿವು. ಈಜಿಪ್ಟಿನ ಖಸ್ರ್ ಇಬ್ರೀಮ್‌ನಲ್ಲಿ ಅಗೆದು ತೆಗೆದ ಮಣ್ಣಿನ ದೀಪಗಳನ್ನು ಹೀಗೆ ಪರೀಕ್ಷಿಸಿದಾಗ ಮೂಲಂಗಿ ಬೀಜದ ಎಣ್ಣೆಯ ಗುರುತೂ ಸಿಕ್ಕಿತ್ತು. ಅಂಥ ಬಟ್ಟಲಿಗೆ ಇವತ್ತು ಒಂದು ಚಮಚ ಎಣ್ಣೆ ಹೊಯ್ದರೆ ಹೊಸ ಇಂಗಾಲ ಹಳೆಯದರಲ್ಲಿ ಬೆರೆತುಹೋಗುತ್ತದೆ. ಆಮೇಲೆ ಎರಡನ್ನೂ ಬೇರೆ ಮಾಡುವುದು ಯಾರ ಕೈಲೂ ಆಗುವುದು ಕಷ್ಟ.

ಇದು ಗೊತ್ತಿಲ್ಲದೆ ನನ್ನ ಮೊದಲ ದೀಪವನ್ನು ಸಾಬೂನು ಹಾಕಿ, ಬ್ರಷ್ಷಿನಿಂದ ಉಜ್ಜಿ ತೊಳೆದಿದ್ದೆ. ನೀರು ಕಪ್ಪಗೆ ಇಳಿದುಹೋಯಿತು. ಕೆತ್ತಿದ ಬಳ್ಳಿ ಚೆನ್ನಾಗಿ ಕಂಡಿತು ಎಂದು ಖುಷಿಪಟ್ಟೆ ಕೂಡ. ಆ ದೀಪದಲ್ಲಿ ಏನು ಉರಿಯುತ್ತಿತ್ತು ಎಂದು ಇನ್ನು ಯಾರೂ ಹೇಳಲಾರರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನಗೆ ಬಹಳ ಪ್ರಿಯವಾದದ್ದು ಮುಷ್ಟಿಗಾತ್ರದ ಒಂದು ಬಳಪದ ಕಲ್ಲಿನ ದೀಪ. ಇರಾನಿನ ಖುರಾಸಾನ್ ಕಡೆ 11–12ನೇ ಶತಮಾನದಲ್ಲಿ ಕೆತ್ತುತ್ತಿದ್ದ ಬಗೆಯದು. ಬಳಪದ ಕಲ್ಲು ಉಗುರಿಗೂ ಗೀರಿಕೊಳ್ಳುವಷ್ಟು ಮೆದು, ಆದರೆ ಬೆಂಕಿಗೆ ಗಟ್ಟಿ. ಬಿಸಿಯನ್ನು ಬೇಗ ಬಿಡದು. ಈ ದೀಪಕ್ಕೆ ನಾಲ್ಕು ಮೂತಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಒಳಗೋಡೆಯಲ್ಲಿ ಉಳಿಯ ಗೆರೆಗಳು ಒಂದರ ಪಕ್ಕ ಒಂದು ಕಾಣುತ್ತವೆ. ಮೂರು ಮೂತಿಗಳ ಅಂಚು ಇನ್ನೂ ಚೂಪು, ಬರೀ ಕಂದು ಛಾಯೆ. ನಾಲ್ಕನೆಯದು ಮಾತ್ರ ಸವೆದು ನುಣುಪಾಗಿ ಗಾಢ ಕಪ್ಪು, ಅದರ ಸುತ್ತ ಬತ್ತಿ ಮುಂದೂಡಿದ ಕಡ್ಡಿಯ ಸಣ್ಣ ಗೀರುಗಳು. ನಾಲ್ಕು ಬತ್ತಿಗೆ ಕೆತ್ತಿದ ದೀಪದಲ್ಲಿ ಯಾರೋ ಒಂದೇ ಬತ್ತಿ ಹಚ್ಚಿಕೊಂಡಿದ್ದರು. (ಮಸಿ ಎಲ್ಲ ಕಡೆ ಒಂದೇ ಸಮನೆ ಹತ್ತಿದ್ದು, ತಳದಲ್ಲೂ ಇದ್ದರೆ ನನಗೆ ಅನುಮಾನ. ನಕಲಿಗೆ ಮಸಿ ಬಳಿಯುವವರು ಬೆಂಕಿ ಎಲ್ಲಿ ಇರುತ್ತದೆ ಎಂದು ಯೋಚಿಸುವುದಿಲ್ಲ.)

ಎಲ್ಲ ದೀಪಗಳೂ ಹೀಗೆ ಒಂಟಿಯಲ್ಲ. ವೇಲ್ಸ್‌ನ ಬ್ರೆಕನ್ ಕ್ಯಾಥೆಡ್ರಲ್‌ನಲ್ಲಿ ಒಂದೇ ಕಲ್ಲಿನಲ್ಲಿ 30 ಗುಳಿ ತೋಡಿದ ದೀಪವಿದೆ. ಒಂದೊಂದು ಗುಳಿಗೂ ಎಣ್ಣೆ ಅಥವಾ ಕೊಬ್ಬು, ಒಂದೊಂದು ಬತ್ತಿ.

ಹಾಗಾದರೆ ಬೆಳಕೇ ನೋಡಿಲ್ಲವೇ? ನೋಡಿದ್ದೇನೆ. ಹೊಸ ಬಳಪದ ಕಲ್ಲಿನಲ್ಲಿ ಆ ನಾಲ್ಕು ಮೂತಿಯದರದ್ದೇ ಅಳತೆಗೆ ಒಂದು ದೀಪ ಕೆತ್ತಿಸಿ, ಹರಳೆಣ್ಣೆ ಹಾಕಿ ಹಚ್ಚುತ್ತೇನೆ. ಮೊದಲು ಕುಡಿ ಸಣ್ಣಗೆ ಮಿಣುಕುತ್ತದೆ. ಕಲ್ಲು ಬೆಚ್ಚಗಾದಂತೆ ಎಣ್ಣೆ ತೆಳುವಾಗಿ ಬತ್ತಿಗೆ ಸಲೀಸಾಗಿ ಏರುತ್ತದೆ, ಕುಡಿ ಎದ್ದು ನಿಲ್ಲುತ್ತದೆ. ಕಿಟಕಿ ತೆರೆದಿಟ್ಟು ಕೆಲವು ರಾತ್ರಿ ಉರಿಸಿದ ಮೇಲೆ ಮಸಿ ಮೂತಿಯ ಎರಡೂ ಬದಿಗೆ ಸಮವಾಗಿ ಹತ್ತಿರಲಿಲ್ಲ. ಗಾಳಿ ತಳ್ಳಿದ ಕಡೆಗೇ ದಪ್ಪವಾಗಿ ಕೂತಿತ್ತು. ಹಳೆಯ ದೀಪವನ್ನು ತಂದು ಪಕ್ಕದಲ್ಲಿಟ್ಟು ನೋಡಿದೆ. ಅದರ ಮಸಿಯೂ ಎಡಕ್ಕೇ ವಾಲಿತ್ತು. ಬಹುಶಃ ಅದು ಬಹಳ ಕಾಲ ಒಂದೇ ಗೂಡಿನಲ್ಲಿ, ಬಲಗಡೆಯಿಂದ ಗಾಳಿ ಬರುವಲ್ಲಿ ಉರಿದಿರಬೇಕು.