ಪಟ್ಟಿಗೆ ಸೇರದ ಗಾಯ

ಗಣಿ ಅಪಘಾತದ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಮೇಲಿನ ಭಾರಕ್ಕೆ ಬಿಗಿದುಕೊಂಡಿದ್ದ ಬಂಡೆ, ಅದಿರು ತೆಗೆದು ಟೊಳ್ಳಾದ ಕಡೆಗೆ ಏಕಾಏಕಿ ಸಿಡಿಯುತ್ತಿತ್ತು. ಮೇಲೆ ಊರಿನ ಮನೆಗಳೂ ಅದುರುತ್ತಿದ್ದವು.

ಆ ಸದ್ದಾದರೂ ಎಲ್ಲರಿಗೂ ಕೇಳಿಸುತ್ತಿತ್ತು. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಾಗಲ್ಲ. ಬೆಣಚುಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ದೂಳು ಶ್ವಾಸಕೋಶಕ್ಕಿಳಿದು ಅಲ್ಲಿಯೇ ಉಳಿಯುತ್ತದೆ. ಎಷ್ಟೋ ಸಲ ಏದುಸಿರು ಶುರುವಾಗುವುದು ವರ್ಷಗಳ ನಂತರ. ಗುಣಪಡಿಸುವ ಮದ್ದು ಇಂದಿಗೂ ಇಲ್ಲ. 2001ರಲ್ಲಿ ಗಣಿ ಮುಚ್ಚಿತು. ಎದೆಯಲ್ಲಿ ದೂಳು ಹೊತ್ತು ಮನೆಗೆ ಹೋದವರನ್ನು ಯಾವ ಅಪಘಾತದ ಪಟ್ಟಿಗೆ ಸೇರಿಸುತ್ತೀರಿ?

ಕೊರೆಯುವ ಜಾಗಕ್ಕೆ ನೀರು ಹಾಯಿಸುತ್ತಿದ್ದರೆ ದೂಳು ಬಹುಪಾಲು ಅಲ್ಲೇ ಅಡಗುತ್ತದೆ. ಇಷ್ಟು ಸರಳವಾದ ಕೆಲಸವನ್ನೂ ಮಾಡದಿರುವುದು ಕಂಡರೆ ಸಿಟ್ಟು ಬರುತ್ತದೆ. ನಮ್ಮೂರಿನ ಪಕ್ಕದ ಕಲ್ಲು ಕ್ವಾರಿಯಲ್ಲಿ ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಂಡು ಒಣಕಲ್ಲನ್ನೇ ಕೊರೆಯುತ್ತಾರೆ. ಸಂಜೆ ಟೀ ಅಂಗಡಿಗೆ ಬಂದಾಗ ಅವರ ರೆಪ್ಪೆಗೂದಲೂ ಬೆಳ್ಳಗಿರುತ್ತದೆ. ಇಪ್ಪತ್ತು ದಾಟಿದ ವಯಸ್ಸು ಅಷ್ಟೇ. ನೀರಿನ ವ್ಯವಸ್ಥೆ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ, ಇವೆರಡನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ಊರಿನವರು ಜೊತೆಗೆ ಬನ್ನಿ.